ಆರು ಬೀಜ, ಹದಿನಾಲ್ಕು ಮನೆ: ಸಿಗದ ಹೈಬ್ರಿಡ್ ಟೊಮೆಟೊವನ್ನು ಹಂಚಿಕೊಳ್ಳುವುದು ಹೇಗೆ?

ಈ ಸಲದ ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಬಂದವರ ಕೈಯಲ್ಲಿ ನಾಲ್ಕು ನಾಲ್ಕು ಕಿತ್ತಳೆ ಬಣ್ಣದ ಪುಟ್ಟ ಟೊಮೆಟೊ ಇಟ್ಟೆ. ಅಲ್ಲಿಂದ ಶುರುವಾಯಿತು. ಹಣ್ಣು ಬಾಯಿಗೆ ಹಾಕಿಕೊಂಡವರೆಲ್ಲ ಮೆಟ್ಟಿಲು ಇಳಿಯುವ ಮೊದಲೇ ಬೀಜ ಕೇಳಿದರು. ಬಾಗಲಕೋಟೆಯ ನವನಗರದಲ್ಲಿ ಒಂಬತ್ತು ಮನೆ, ವಿಜಯಪುರದಲ್ಲಿ ಮೂರು, ಬೆಳಗಾವಿಯಲ್ಲಿ ಒಂದು, ಜಮಖಂಡಿಯ ಶಿಕ್ಷಕರೊಬ್ಬರು. ಒಟ್ಟು ಹದಿನಾಲ್ಕು. ಫ್ರಿಜ್‌ನ ಬಾಗಿಲಿನ ಶೀಷೆಯಲ್ಲಿ ಉಳಿದಿರುವ ಬೀಜ ಆರು.

ಹಣ್ಣಿನ ಹೆಸರು ಸನ್ ಗೋಲ್ಡ್. ಜಪಾನಿನ ಟೊಕಿಟಾ ಕಂಪನಿಯ ಹೈಬ್ರಿಡ್. 1990ರ ದಶಕದಿಂದ ಹೊರದೇಶಗಳ ಮನೆತೋಟಗಳಲ್ಲಿ ಇದಕ್ಕೆ ದೊಡ್ಡ ಹೆಸರು. ನಮ್ಮ ಮಾರುಕಟ್ಟೆಯ ಬೀಜದಂಗಡಿಯಲ್ಲಿ ಕೇಳಿದರೆ ಅಂಗಡಿಯವರು ಅರ್ಧ ಕಿಲೋ ಸೂರ್ಯಕಾಂತಿ ಬೀಜ ತೂಗಲು ಹೊರಡುತ್ತಾರೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಗೆಳೆಯರೊಬ್ಬರು ಎಲ್ಲಿಂದಲೋ ಹುಡುಕಿ ಹತ್ತು ಬೀಜದ ಪೊಟ್ಟಣ ಕಳಿಸಿದ್ದರು. ವರ್ಷಕ್ಕೆ ಎರಡರಂತೆ ನಾಲ್ಕು ಬಿತ್ತಿದೆ.

ಸನ್ ಗೋಲ್ಡ್ ಎಂಬಲ್ಲಿ ನೀವು ಬೇರೆ ಯಾವ ಅಪರೂಪದ ಹೈಬ್ರಿಡ್ ಹೆಸರನ್ನಾದರೂ ಹಾಕಿಕೊಂಡು ಓದಬಹುದು, ಲೆಕ್ಕ ಬದಲಾಗುವುದಿಲ್ಲ. ಹಂಚಿಕೊಳ್ಳಲು ನನಗೆ ಕಾಣುವ ದಾರಿಗಳು ಐದು: ಪೊಟ್ಟಣದ ಮೂಲ ಬೀಜವನ್ನೇ ಪಾಲು ಮಾಡುವುದು, ಹಣ್ಣಿನಿಂದ ಬೀಜ ತೆಗೆದು ಕೊಡುವುದು, ಗಿಡದ ಕುಡಿ ಬೇರು ಬರಿಸಿ ಕೊಡುವುದು, ಎಲ್ಲರೂ ಸೇರಿ ಅದನ್ನೊಂದು ಸ್ಥಿರ ತಳಿಯಾಗಿ ನಿಲ್ಲಿಸುವುದು, ಇಲ್ಲವೇ ಅದನ್ನು ಬಿಟ್ಟು ಸುಲಭವಾಗಿ ಸಿಗುವ ತಳಿಗೆ ಹೊರಳುವುದು.

ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ

ಅದೇ ರುಚಿ ಬೇಕೋ, ಅದರ ಹತ್ತಿರದ್ದು ಸಾಕೋ? ಬಹಳ ಮಂದಿ ಈ ಪ್ರಶ್ನೆಯನ್ನೇ ಹಾರಿಸಿಬಿಡುತ್ತಾರೆ, ಆಮೇಲೆ ಬೀಜ ಕೊಟ್ಟವರನ್ನು ಬಯ್ಯುತ್ತಾರೆ. ಎರಡನೆಯದು, ಎಷ್ಟು ಕುಂಡಗಳಿಗೆ ಜಾಗವಿದೆ? ಎರಡು ಕುಂಡದವರ ಹಾದಿಯೇ ಬೇರೆ, ಇಪ್ಪತ್ತು ಕುಂಡದವರ ಹಾದಿಯೇ ಬೇರೆ. ಮೂರನೆಯದು ದೂರ. ಪಕ್ಕದ ಸೆಕ್ಟರ್‌ಗೆ ಕೈಯಲ್ಲೇ ಒಯ್ದು ಕೊಡಬಹುದು. ವಿಜಯಪುರ ಸುಮಾರು 80 ಕಿ.ಮೀ., ಬಸ್ಸಿನಲ್ಲಿ ಎರಡು ತಾಸು ಹಿಡಿದು ಕುಳಿತುಕೊಳ್ಳಬೇಕು. ಬೆಳಗಾವಿ ಇನ್ನೂ ದೂರ. ನಾಲ್ಕನೆಯದು ಋತು. ಇವೆಲ್ಲದರ ಕೆಳಗೆ ರೋಗದ ಪ್ರಶ್ನೆ ಇದೆ: ಗಿಡದ ಜೊತೆ ಬೇರೇನನ್ನು ಹಂಚುತ್ತಿದ್ದೇವೆ? ಹಣದ ಮಾತು ಇಲ್ಲಿ ಅಷ್ಟು ದೊಡ್ಡದಲ್ಲ. ಒಂದು ಪೊಟ್ಟಣವನ್ನು ನಾಲ್ಕು ಮನೆಯವರು ಸೇರಿ ಕೊಂಡರೆ ತಲೆಗೆ ಬರುವ ಪಾಲು ಒಂದು ಹೊತ್ತಿನ ಮಿರ್ಚಿ ಭಜಿಯ ಖರ್ಚನ್ನು ದಾಟುವುದಿಲ್ಲ. ಇಲ್ಲಿ ಖರ್ಚಾಗುವುದು ಕಾಯುವ ತಿಂಗಳುಗಳು.

ಮೂಲ ಬೀಜವನ್ನು ಪಾಲು ಮಾಡುವುದು

ಅದೇ ರುಚಿ ಬೇಕೆಂದರೆ, ದೂರವೂ ಇದ್ದರೆ, ಇದಕ್ಕೆ ಸಾಟಿಯಿಲ್ಲ. ಹೈಬ್ರಿಡ್ ಎಂದರೆ ಎರಡು ಶುದ್ಧ ಪೋಷಕ ಸಾಲುಗಳನ್ನು ಕೂಡಿಸಿದಾಗ ಬರುವ ಮೊದಲ ಪೀಳಿಗೆ, ಬೀಜದವರ ಭಾಷೆಯಲ್ಲಿ ಎಫ್-1. ಆ ಪೋಷಕ ಸಾಲುಗಳು ಕಂಪನಿಯ ಕೈಯಲ್ಲೇ ಇರುತ್ತವೆ. ಪ್ರತಿ ವರ್ಷದ ಬೀಜಕ್ಕೂ ಕೂಡಿಸುವ ಕೆಲಸ ಹೊಸದಾಗಿ ಆಗಬೇಕು. ಅದು ಎಂಥ ಕೆಲಸ ಎಂದು ನೋಡಬೇಕಿದ್ದರೆ ರಾಣೆಬೆನ್ನೂರಿನ ಸುತ್ತಮುತ್ತ ಬಲೆಯ ಮನೆಗಳಲ್ಲಿ ಬೀಜದ ಟೊಮೆಟೊ ಬೆಳೆಯುವ ರೈತರಲ್ಲಿಗೆ ಹೋಗಿ. ನಾಳೆ ಅರಳುವ ಮೊಗ್ಗನ್ನು ಇಂದೇ ಚಿಮುಟದಿಂದ ಬಿಡಿಸಿ ಅದರ ಪರಾಗದ ಕೊಳವೆಯನ್ನು ಕಿತ್ತು ತೆಗೆಯುತ್ತಾರೆ, ಮರುದಿನ ಗಂಡು ಸಾಲಿನ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸುತ್ತಾರೆ. ಹೆಚ್ಚಾಗಿ ಹೆಣ್ಣುಮಕ್ಕಳ ಕೈ, ದಿನಕ್ಕೆ ನೂರಾರು ಹೂವು. ಆ ಬೀಜ ತುಟ್ಟಿ ಏಕೆ ಎಂದು ಅದನ್ನು ಕಂಡವರು ಕೇಳುವುದಿಲ್ಲ. ಮನೆಯಲ್ಲಿ ನಾವೇ ಕೂಡಿಸೋಣ ಎಂಬ ಉಮೇದೂ ಅಲ್ಲಿಗೇ ನಿಲ್ಲುತ್ತದೆ, ಪೋಷಕರು ಯಾರೆಂದೇ ನಮಗೆ ಗೊತ್ತಿಲ್ಲವಲ್ಲ.

ಪಾಲು ಮಾಡುವಾಗ ಎಲ್ಲರೂ ಮಾಡುವ ತಪ್ಪು, ಮನೆಗೊಂದು ಬೀಜ ಕೊಡುವುದು. ನೋಡಲು ನ್ಯಾಯ, ಫಲಿತಾಂಶದಲ್ಲಿ ಅನ್ಯಾಯ. ನಮ್ಮ ದೇಶದ ಪ್ರಮಾಣಿತ ಟೊಮೆಟೊ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇ. 70. ಎಂದರೆ ಒಳ್ಳೆಯ ಬೀಜವೇ ಹತ್ತಕ್ಕೆ ಮೂರು ಕೈಕೊಟ್ಟರೂ ನಿಯಮದೊಳಗೇ ಇದೆ. ಆ ಮೂರು ಮನೆಯವರ ಮುಖ ನೋಡುವವರು ಯಾರು? ಅದರ ಬದಲು ಕೈ ಪಳಗಿದ ಒಬ್ಬರು ಎಲ್ಲ ಬೀಜವನ್ನೂ ತಾವೇ ಮೊಳೆಸಲಿ, 25 ದಿನದ ಸಸಿಯನ್ನು ಹಂಚಲಿ. ನಾನು ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟು ಅಡುಗೆಮನೆಯ ಕಪಾಟಿನ ಮೇಲೆ ಇಡುತ್ತೇನೆ. ಐದಾರು ದಿನಕ್ಕೆ ಬಿಳಿ ಮೂತಿ ಕಾಣುತ್ತದೆ, ಆಗ ತೆಂಗಿನ ನಾರಿನ ಪುಡಿ ತುಂಬಿದ ಕಾಗದದ ಕಪ್ಪಿಗೆ.

ಉಳಿದ ಬೀಜವನ್ನು ಒಣಗಿಸಿಡುವುದು ಹಂಚುವುದಕ್ಕಿಂತ ಮುಖ್ಯ. ಬೀಜ ಕಾಪಾಡುವವರಲ್ಲಿ ಒಂದು ಹಳೆಯ ಲೆಕ್ಕವಿದೆ: ಬೀಜದ ತೇವ ಶೇ. 1ರಷ್ಟು ಇಳಿದರೆ, ಅಥವಾ ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೆ, ಅದರ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿ. ಬಿಗಿ ಮುಚ್ಚಳದ ಶೀಷೆ, ಅದರೊಳಗೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿ, ಫ್ರಿಜ್. ನಾಲ್ಕೈದು ವರ್ಷ ಚಿಂತೆಯಿಲ್ಲ. ಶೀಷೆ ಹೊರತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ತಣ್ಣಗಿನ ಬೀಜದ ಮೇಲೆ ನೀರು ಹನಿಗಟ್ಟುತ್ತದೆ. ಅರ್ಧ ತಾಸು ಹಾಗೇ ಬಿಡಿ.

ಹೊರದೇಶದಲ್ಲಿರುವ ಮಗ, ಮಗಳಿಗೆ ಹೇಳಿ ಲಕೋಟೆಯಲ್ಲಿ ತರಿಸಿಕೊಳ್ಳುತ್ತೇವೆ ಎನ್ನುವವರಿಗೆ ಒಂದು ಮಾತು. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತನೆ ಬೀಜಕ್ಕೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹತ್ತು ಬೀಜಕ್ಕೂ ಬೇಕು. ಟೊಮೆಟೊ ವೈರಸ್‌ಗಳು ಬೀಜದ ಮೈಗೆ ಅಂಟಿಕೊಂಡು ಪ್ರಯಾಣ ಮಾಡುತ್ತವೆ ಎಂಬುದು ನಿಜವಾದ ಭಯ, ಕಾಗದಪತ್ರದ ಕಿರುಕುಳವಷ್ಟೇ ಅಲ್ಲ. ಆಮದು ಮಾಡಿಕೊಂಡು ಮಾರುವವರಿಂದ ಕೊಳ್ಳಿ.

ಹಣ್ಣಿನಿಂದ ತೆಗೆದ ಬೀಜ

ನನ್ನ ಮಾನ ಹೋದದ್ದು ಇಲ್ಲಿ. ಮೊದಲ ವರ್ಷದ ಹಣ್ಣಿನಿಂದ ಬೀಜ ತೆಗೆದು, ಚೀಟಿಯ ಮೇಲೆ ಚೆಂದದ ಅಕ್ಷರದಲ್ಲಿ ಸನ್ ಗೋಲ್ಡ್ ಎಂದು ಬರೆದು, ಬೆಳಗಾವಿಯ ಟಿಳಕವಾಡಿಯಲ್ಲಿರುವ ಗೆಳತಿಗೆ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ಮೊಬೈಲಿಗೆ ಒಂದು ಫೋಟೊ ಬಂತು: ತಟ್ಟೆಯಲ್ಲಿ ಕೆಂಪು ಹಣ್ಣು. ಕೆಳಗೆ ಒಂದೇ ಸಾಲು, ‘ನಿನ್ನ ಬಂಗಾರ ಕೆಂಪಗಿದೆ, ಹುಳಿಯೂ ಇದೆ.’

ಹಣ್ಣಿನೊಳಗಿನ ಬೀಜ ಎರಡನೆಯ ಪೀಳಿಗೆ, ಎಫ್-2. ಮೊದಲ ಪೀಳಿಗೆಯಲ್ಲಿ ಒಗ್ಗಟ್ಟಾಗಿದ್ದ ಗುಣಗಳು ಇಲ್ಲಿ ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಬೇರೆಬೇರೆಯಾಗುತ್ತವೆ. ಬಟಾಣಿಯಲ್ಲಿ ಮೆಂಡಲ್ ಕಂಡ ಲೆಕ್ಕವೇ ಇದು. ಒಂದು ಗುಣ ಒಂದೇ ಪ್ರಬಲ ಜೀನ್‌ನಿಂದ ಬಂದಿದ್ದರೆ ನಾಲ್ಕರಲ್ಲಿ ಮೂರು ಗಿಡಗಳಲ್ಲಿ ಅದು ಉಳಿಯುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಅಂಥ ಮೂರು ಗುಣಗಳು ಒಂದೇ ಗಿಡದಲ್ಲಿ ಬೇಕೆಂದರೆ 64ಕ್ಕೆ 27, ಅರ್ಧಕ್ಕಿಂತ ಕಡಿಮೆ. ಸಿಹಿಯಂತೂ ಹಲವು ಜೀನ್‌ಗಳು ಸೇರಿ ಮಾಡುವ ಅಡುಗೆ, ಅದಕ್ಕೆ ಇಷ್ಟು ಸರಳ ಲೆಕ್ಕವೂ ಸಿಗುವುದಿಲ್ಲ.

ಎರಡನೇ ವರ್ಷ ಪರೀಕ್ಷೆಗೆಂದು ಅದೇ ಬೀಜದ ಎಂಟು ಗಿಡಗಳನ್ನು ತಾರಸಿಯ ಪೂರ್ವದ ಮೂಲೆಯಲ್ಲಿ ಸಾಲಾಗಿ ಇಟ್ಟೆ. ಒಂದೇ ಮಣ್ಣು, ಒಂದೇ ನೀರು. ಮೂರರಲ್ಲಿ ಕೆಂಪು ಹಣ್ಣು, ಅವುಗಳಲ್ಲಿ ಒಂದು ಬೋರೆಹಣ್ಣಿನಷ್ಟು ದಪ್ಪ, ಸಾರಿಗೆ ಒಳ್ಳೆಯದು, ಬಾಯಿಗಲ್ಲ. ಕಿತ್ತಳೆ ಬಣ್ಣದವು ಐದು. ಅವುಗಳಲ್ಲಿ ಒಂದರ ಸಿಪ್ಪೆ ಹಲ್ಲಿಗೆ ಸಿಕ್ಕಿ ಒದ್ದಾಡಿಸಿತು, ಎರಡು ಸಪ್ಪೆ, ಒಂದು ತಾಯಿಯಂತೆಯೇ, ಕಣ್ಣು ಮುಚ್ಚಿ ತಿಂದರೆ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಉಳಿದ ಒಂದು ತಾಯಿಗಿಂತ ತುಸು ಹುಳಿ, ಆದರೆ ಮಳೆ ಬಿದ್ದ ಮರುದಿನ ತಾಯಿಗಿಡದ ಹಣ್ಣೆಲ್ಲ ಬಿರಿದು ನಿಂತಾಗ ಇದರದ್ದು ಒಂದೂ ಬಿರಿದಿರಲಿಲ್ಲ. ಸನ್ ಗೋಲ್ಡ್‌ನ ದೊಡ್ಡ ಐಬು ಈ ಬಿರಿಯುವಿಕೆಯೇ. ಹೀಗಾಗಿ ಎಫ್-2 ಎಂದರೆ ಬರೀ ನಷ್ಟ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಹಂಚಲು ಇದರಷ್ಟು ಸುಲಭ, ಅಗ್ಗ ಬೇರೆ ಇಲ್ಲ. ಒಂದು ಗೊಂಚಲಿನ ಬೀಜ ಇಡೀ ಓಣಿಗೆ ಸಾಕು, ಅಂಚೆ ಲಕೋಟೆಯಲ್ಲಿ ಎಲ್ಲಿಗೂ ಹೋಗುತ್ತದೆ. ತೆಗೆಯುವ ಕ್ರಮ ಮಾತ್ರ ನಮ್ಮ ಬಿಸಿಲಿಗೆ ತಕ್ಕಂತೆ ಇರಲಿ. ತಿರುಳು, ಬೀಜ ಎರಡನ್ನೂ ಗಾಜಿನ ಲೋಟಕ್ಕೆ ಹಿಂಡಿ ಹುಳಿಯಲು ಬಿಡಬೇಕು. ತಂಪು ದೇಶದವರು ಮೂರು ದಿನ ಎನ್ನುತ್ತಾರೆ, ಮಾರ್ಚ್ ತಿಂಗಳ ವಿಜಯಪುರದಲ್ಲಿ ಒಂದೂವರೆ ದಿನ ದಾಟಿದರೆ ಬೀಜ ಲೋಟದಲ್ಲೇ ಮೊಳೆಯುವ ಭಯವಿದೆ. ಬೀಜದ ಸುತ್ತಲಿನ ಲೋಳೆ ಬಿಟ್ಟಿತೆಂದರೆ ತೊಳೆದು ಸ್ಟೀಲ್ ತಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ಕಾಗದದ ಮೇಲೆ ಹಾಕಿದರೆ ಅಂಟಿ ಕುಳಿತುಬಿಡುತ್ತದೆ. ನಮ್ಮ ಅಜ್ಜಿ ಸೌತೆ, ಹೀರೆಯ ಬೀಜವನ್ನು ಬೂದಿ ಸಗಣಿಯಲ್ಲಿ ಕಲಸಿ ಗೋಡೆಗೆ ಕುಳ್ಳಿನಂತೆ ಬಡಿದಿಡುತ್ತಿದ್ದರು, ರೋಹಿಣಿ ಮಳೆಯ ಹೊತ್ತಿಗೆ ಕಿತ್ತು ಊರಿಗೆಲ್ಲ ಹಂಚುತ್ತಿದ್ದರು. ಜವಾರಿ ತಳಿಗೆ ಆ ಭರವಸೆ ನಡೆಯುತ್ತಿತ್ತು, ತಾಯಿಯಂತೆ ಮಗಳು. ಹೈಬ್ರಿಡ್‌ಗೆ ಅದನ್ನೇ ಹಚ್ಚಿ ನಾನು ಮೋಸ ಹೋದೆ, ಮೋಸ ಮಾಡಿದೆ ಕೂಡ.

ಆದ್ದರಿಂದ ಚೀಟಿಯ ಮೇಲೆ ‘ಸನ್ ಗೋಲ್ಡ್ ಎಫ್-2, ಹೇಗೆ ಬರುತ್ತದೋ ಹಾಗೆ’ ಎಂದು ಬರೆಯಿರಿ. ಕಾನೂನಿನ ಅಂಜಿಕೆ ಇರುವವರಿಗೆ: 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ಒಪ್ಪಿಗೆಯಿಲ್ಲ.

ಕುಡಿ ಕೊಡುವುದು

ಹತ್ತಿರದ ಮನೆಗಳಿಗೆ ನನ್ನ ಮತ ಇದಕ್ಕೇ. ಟೊಮೆಟೊ ಎಲೆಯ ಕಂಕುಳಲ್ಲಿ ಹುಟ್ಟುವ ಕುಡಿಯನ್ನು ನಾವು ಹೇಗೂ ಚಿವುಟಿ ಎಸೆಯುತ್ತೇವೆ. ಗೇಣುದ್ದದ ಕುಡಿ ತೆಗೆದು, ಕೆಳಗಿನ ಎಲೆ ಕಿತ್ತು, ನೀರಿನ ಲೋಟದಲ್ಲಿ ನೆರಳಿಗಿಟ್ಟರೆ ವಾರ, ಹತ್ತು ದಿನದಲ್ಲಿ ಬಿಳಿ ಬೇರು. ಅದು ತಾಯಿಯ ಪಡಿಯಚ್ಚು, ರುಚಿಯಲ್ಲಿ ಕೂದಲೆಳೆಯಷ್ಟೂ ಬದಲಿಲ್ಲ. ಬೀಜದಿಂದ ಬಂದ ಸಸಿಗಿಂತ ಬೇಗ ಹೂ ಬಿಡುತ್ತದೆ. ಸನ್ ಗೋಲ್ಡ್ ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ಜಾತಿ, ಕುಡಿಗಳಿಗೆ ಬರವಿಲ್ಲ. ಒಂದು ಆರೋಗ್ಯದ ಗಿಡ ಹತ್ತು ಮನೆ ಸಾಕುತ್ತದೆ. ಕುಳ್ಳಗೆ ಬೆಳೆದು ನಿಂತುಬಿಡುವ ಪೊದೆ ಜಾತಿಯ ಹೈಬ್ರಿಡ್ ಆದರೆ ಈ ದಾರಿ ಅಷ್ಟು ಫಲ ಕೊಡುವುದಿಲ್ಲ.

ತೊಂದರೆ ಎರಡು. ಒಂದು, ಕುಡಿಗೆ ಆಯಸ್ಸಿಲ್ಲ. ಬೀಜ ಫ್ರಿಜ್‌ನಲ್ಲಿ ಮಲಗಿರುತ್ತದೆ, ಕುಡಿಯನ್ನು ದಿನವೂ ನೋಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹಗಲು 35, ರಾತ್ರಿ 24 ಡಿಗ್ರಿ ದಾಟಿತೆಂದರೆ ಟೊಮೆಟೊ ಹೂ ಕಾಯಿ ಕಚ್ಚದೆ ಉದುರುತ್ತದೆ. ಬಾಗಲಕೋಟೆ, ವಿಜಯಪುರಗಳಲ್ಲಿ ಬಿಸಿಲು 40ರ ಮೇಲೆ ಹೋಗುತ್ತದೆ. ಆಗ ಹಣ್ಣಿನ ಆಸೆ ಬಿಟ್ಟು, ಮನೆಯೊಳಗೆ ಬೆಳಕಿರುವ ಕಿಟಕಿಯ ಹತ್ತಿರ ಎರಡು ಕುಡಿಗಳನ್ನು ಬದುಕಿಸಿಕೊಂಡರೆ ಸಾಕು, ಮೃಗಶಿರಾ ಮಳೆಗೆ ಅವುಗಳಿಂದ ಮತ್ತೆ ಸಂಸಾರ ಹೂಡಬಹುದು. ಬೆಳಗಾವಿಯ ತಂಪಿನಲ್ಲಿ ಈ ಬೇಸಿಗೆ ದಾಟಿಸುವ ಕೆಲಸ ಎಷ್ಟೋ ಹಗುರ. ಅಲ್ಲಿಯ ಸಂಕಟ ಜುಲೈ, ಆಗಸ್ಟ್‌ನ ಬಿಡದ ಮಳೆ, ಎಲೆ ಅಂಗಮಾರಿ.

ಎರಡನೆಯದು ರೋಗ. ಕುಡಿ ತಾಯಿಯ ಗುಣದ ಜೊತೆ ತಾಯಿಯ ಕಾಯಿಲೆಯನ್ನೂ ಒಯ್ಯುತ್ತದೆ. ಬಿಳಿನೊಣ ತರುವ ಎಲೆ ಮುಟುರು ರೋಗಕ್ಕೆ ಸನ್ ಗೋಲ್ಡ್‌ನಲ್ಲಿ ತಡೆಯಿಲ್ಲ. ತುದಿ ಎಲೆ ಮೇಲಕ್ಕೆ ಮುದುಡಿ ಹಳದಿ ಅಂಚು ಕಂಡ ಗಿಡದಿಂದ, ಎಷ್ಟೇ ಬಲವಂತ ಮಾಡಿದರೂ, ಕುಡಿ ಕೊಡಬೇಡಿ. ಬ್ಲೇಡನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ. ಇನ್ನೊಂದು ಮಾತನ್ನು ನಮ್ಮ ಭಾಗದಲ್ಲಿ ಹೇಳಲೇಬೇಕು: ನಿಪ್ಪಾಣಿಯ ತಂಬಾಕು ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಂಡ ಹಿರಿಯರು ಅದೇ ಕೈಯಲ್ಲಿ ಪ್ರೀತಿಯಿಂದ ಗಿಡ ಸವರುತ್ತಾರೆ. ತಂಬಾಕಿನ ಮೊಸಾಯಿಕ್ ವೈರಸ್ ಒಣ ಎಲೆಯಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ, ಕೈಯಿಂದ ಟೊಮೆಟೊಗೆ ದಾಟುತ್ತದೆ. ಸಾಬೂನಿನಿಂದ ಕೈ ತೊಳೆಯಲು ಹೇಳಿ. ಮಾವನವರಿಗೆ ಹೇಳುವುದು ಹೇಗೆ ಎಂಬುದಕ್ಕೆ ನನ್ನ ಬಳಿಯೂ ಉಪಾಯವಿಲ್ಲ.

ಕೂಡಿ ಸ್ಥಿರ ತಳಿ ಮಾಡುವುದು

ಇದಕ್ಕೆ ತಾಳ್ಮೆಯ ಜನ ಬೇಕು. ಎಫ್-2ರಲ್ಲಿ ಮೆಚ್ಚಿದ ಗಿಡದ ಬೀಜವನ್ನು ಮತ್ತೆ ಬಿತ್ತುವುದು, ಅದರಲ್ಲಿ ಒಳ್ಳೆಯದನ್ನು ಆರಿಸುವುದು, ಮತ್ತೆ ಬಿತ್ತುವುದು. ಟೊಮೆಟೊ ಬಹುಮಟ್ಟಿಗೆ ತನ್ನ ಪರಾಗಕ್ಕೇ ಕಾಯಿ ಕಟ್ಟುವ ಗಿಡ, ಆದ್ದರಿಂದ ಪ್ರತಿ ಪೀಳಿಗೆಗೂ ಒಳಗಿನ ಅಸ್ಥಿರತೆ ಅರ್ಧಕ್ಕರ್ಧ ಇಳಿಯುತ್ತದೆ: ಎಫ್-2ರಲ್ಲಿ ಶೇ. 50, ಎಫ್-4ರಲ್ಲಿ 12.5, ಎಫ್-6ರಲ್ಲಿ ಸುಮಾರು 3. ವರ್ಷಕ್ಕೆ ಎರಡು ಬೆಳೆ ತೆಗೆದರೂ ಎರಡೂವರೆ, ಮೂರು ವರ್ಷದ ಕೆಲಸ. ಒಬ್ಬರ ಎಂಟು ಕುಂಡದಲ್ಲಿ ಇದು ಅದೃಷ್ಟದ ಆಟ. ಹದಿನಾಲ್ಕು ಮನೆ ತಲಾ ನಾಲ್ಕು ಗಿಡ ಬೆಳೆದರೆ 56 ಗಿಡ, ಆಗ ಆರಿಸಲು ಏನಾದರೂ ಸಿಗುತ್ತದೆ. ಸನ್ ಗೋಲ್ಡ್‌ನಿಂದಲೇ ಹೀಗೆ ಆರಿಸಿ ನಿಲ್ಲಿಸಿದ ತಳಿಗಳು ಹೊರದೇಶಗಳಲ್ಲಿ ಇವೆ, ಎಂದರೆ ಆಗದ ಕೆಲಸವಲ್ಲ. ಬೀಜಕ್ಕೆ ಬಿಡುವ ಗೊಂಚಲಿಗೆ ಹೂ ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿ. ತೋಟಗಾರಿಕೆ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಎಳೆದುಕೊಳ್ಳಿ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ಗೋಕಾಕದ ಹತ್ತಿರದ ಅರಭಾವಿಯಲ್ಲಿ ಕಾಲೇಜಿದೆ. ತಳಿ ಆರಿಸುವ ಕಣ್ಣು ತರಗತಿಗಿಂತ ತಾರಸಿಯಲ್ಲಿ ಬೇಗ ಬಲಿಯುತ್ತದೆ ಎಂಬುದು ನನ್ನ ಅನಿಸಿಕೆ.

ಬಿಟ್ಟುಬಿಡುವುದು

ಸಾರು, ಪಲ್ಯಕ್ಕೆ ಟೊಮೆಟೊ ಬೇಕಾದವರು ಈ ಗೊಡವೆಗೇ ಬರಬೇಡಿ. ಸನ್ ಗೋಲ್ಡ್ ಬಾಯಾಡಿಸುವ ಹಣ್ಣು, ಒಂದು ಪಾತ್ರೆ ಸಾರಿಗೆ ಅರ್ಧ ಗಿಡ ಕೀಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಕೂಡ ಹೈಬ್ರಿಡ್ಡೇ, ಆದರೆ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಾಳುತ್ತದೆ, ಬೀಜವನ್ನು ಸಂಸ್ಥೆಯೇ ಮಾರುತ್ತದೆ. ಬೀಜ ಉಳಿಸಿ ನೆರೆಯವರಿಗೆ ಕೊಡುವ ಸುಖವೇ ಬೇಕಾದವರಿಗೆ ಅದೇ ಸಂಸ್ಥೆಯ ಅರ್ಕಾ ವಿಕಾಸ್, ಅಥವಾ ದೆಹಲಿಯ ಪೂಸಾ ರೂಬಿ. ಇವು ಹೈಬ್ರಿಡ್ ಅಲ್ಲ. ಅಜ್ಜಿಯ ಲೆಕ್ಕ ಇಲ್ಲಿ ಸರಿಹೋಗುತ್ತದೆ.

ಯಾರಿಗೆ ಯಾವುದು

ವಿಜಯಪುರದ ಮೂವರಿಗೆ ನಾನು ಸಸಿ ಕೊಡುತ್ತೇನೆ, ಅದೂ ಅಕ್ಟೋಬರಿನಲ್ಲಿ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಚಳಿಯಲ್ಲೇ ಈ ಹಣ್ಣಿಗೆ ನಿಜವಾದ ಸಿಹಿ. ಬೇಸಿಗೆ ಬೆಳೆ ಮಾಡುತ್ತೇವೆ ಎಂದು ಹಟ ಹಿಡಿದರೆ ಬಿಳಿನೊಣಕ್ಕೆ ಔತಣ ಕೊಟ್ಟಂತೆ, ಅವರಿಗೆ ಅರ್ಕಾ ರಕ್ಷಕ್ ವಾಸಿ. ನವನಗರದ ಒಂಬತ್ತು ಮನೆಗೆ ಕುಡಿ. ಅವರಲ್ಲಿ ದೊಡ್ಡ ತಾರಸಿಯ ನಾಲ್ವರು ಎಫ್-2 ಬೀಜವನ್ನೂ ಒಯ್ಯಲಿ, ಬಿರಿಯದ ಹಣ್ಣಿನ ಆ ಗಿಡದ ಬೀಜ ಬೇರೆ ಚೀಟಿಯಲ್ಲಿ ಕಟ್ಟಿಟ್ಟಿದ್ದೇನೆ. ಬೆಳಗಾವಿಯ ಗೆಳತಿಗೆ ಮೂಲ ಬೀಜ ಎರಡು, ಇದು ಹಂಚಿಕೆಯಲ್ಲ, ಸಾಲ ತೀರಿಸುವುದು. ಉಳಿದ ನಾಲ್ಕನ್ನೂ ಸೆಪ್ಟೆಂಬರ್ ಮಧ್ಯದಲ್ಲಿ ಮೊಳೆಸುತ್ತೇನೆ. ಎಲ್ಲವೂ ಎದ್ದರೆ ಮೂರು ವಿಜಯಪುರಕ್ಕೆ, ಒಂದು ನನ್ನ ತಾಯಿಗಿಡ. ಒಂದು ಕೈಕೊಟ್ಟರೆ ವಿಜಯಪುರದವರಲ್ಲಿ ಒಬ್ಬರು ಕುಡಿಗೆ ಕಾಯಬೇಕು.

ಜಮಖಂಡಿಯ ಶಿಕ್ಷಕರೇ, ನಿಮ್ಮಲ್ಲಿ ಇರುವುದು ಎರಡೇ ಕುಂಡ, ಬೇಕಾದದ್ದು ಅದೇ ರುಚಿ. ನಿಮಗೆ ಕುಡಿ. ಡಿಸೆಂಬರ್ ಮೊದಲ ವಾರ ಬನ್ನಿ, ಅಗಲ ಬಾಯಿಯ ಡಬ್ಬಿ, ಒಂದು ಒದ್ದೆ ಬಟ್ಟೆ ತನ್ನಿ, ಹೊತ್ತೇರಿದ ಮೇಲೆ ಬಸ್ಸಿನ ಕಿಟಕಿಯ ಬದಿಗೆ ಕೂರಬೇಡಿ.